ಹಳೇ ಲ್ಯಾಪ್‌ಟಾಪಿಗೆ ಯಾವ ವೈಫೈ ಕಾರ್ಡ್?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ 2017ರದ್ದು, ಇಂಟೆಲ್ 7ನೇ ಜನರೇಶನ್ ಐ5. ಮನೆಗೆ 100 ಎಂಬಿಪಿಎಸ್ ಲೈನ್ ಹಾಕಿಸಿದ್ದೇವೆ. ಮಗಳ ಮೊಬೈಲಿನಲ್ಲಿ 90 ಬರುತ್ತದೆ, ಲ್ಯಾಪ್‌ಟಾಪಿನಲ್ಲಿ 25 ದಾಟುವುದಿಲ್ಲ. ಮೊಬೈಲಿಗೆ ಕಾಣುವ ‘5ಜಿ’ ಎಂಬ ವೈಫೈ ಹೆಸರು ಇದಕ್ಕೆ ಕಾಣುವುದೇ ಇಲ್ಲ. ಅಂಗಡಿಯವರು ಹೊಸ ಲ್ಯಾಪ್‌ಟಾಪೇ ತಗೊಳ್ಳಿ ಅನ್ನುತ್ತಾರೆ. ಕಾರ್ಡ್ ಮಾತ್ರ ಬದಲಾಯಿಸಬಹುದೇ?
– ಓದುಗರು, ಡೊಂಬಿವಲಿ ಪೂರ್ವ

ಉತ್ತರ: ಹೊಸ ಲ್ಯಾಪ್‌ಟಾಪ್ ಯಾಕೆ ಮಾರಾಯ್ರೆ? ರೋಗ ಏನೆಂದು ನೀವೇ ಬರೆದಿದ್ದೀರಿ. ಆ ‘5ಜಿ’ ಅಂದರೆ ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್, ಅಂದರೆ ವೈಫೈ ಓಡುವ ಒಂದು ರೇಡಿಯೋ ಬ್ಯಾಂಡ್. ನಿಮ್ಮ ಕಾರ್ಡಿಗೆ 2.4 ಗಿಗಾಹರ್ಟ್ಸ್ ಬ್ಯಾಂಡ್ ಮಾತ್ರ ಗೊತ್ತು. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಬಿಲ್ಡಿಂಗಿನ ಅಷ್ಟೂ ರೂಟರುಗಳು ಆ ಮೂರರಲ್ಲೇ ನುಗ್ಗಬೇಕು. ಬೆಳಗಿನ ಮುಂಬೈ ಫಾಸ್ಟ್ ಲೋಕಲ್ ರೈಲಿಗೆ ದಿನಾ ಹತ್ತುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಯಾವುದು ಕೊಳ್ಳಲಿ ಎಂಬಲ್ಲಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಇಂಟೆಲ್ ಎಎಕ್ಸ್200 ಎಂಬ ವೈಫೈ ಕಾರ್ಡ್ ಕೇಳಿದೆ. ‘ಎಎಕ್ಸ್201 ಇದೆ, ಒಂದು ನಂಬರ್ ಜಾಸ್ತಿ, ಒಳ್ಳೇದೇ’ ಅಂದ. ಮಾಟುಂಗದ ಮನೆಗೆ ತಂದು ಕೂರಿಸಿದೆ. ಸ್ಲಾಟಿನಲ್ಲಿ ಚಂದ ಕೂತಿತು, ಸ್ಕ್ರೂ ಕೂಡ ಬಿಗಿಯಾಯಿತು. ಆದರೆ ಲ್ಯಾಪ್‌ಟಾಪಿಗೆ ಅದು ಇದೆ ಅಂತಲೇ ಗೊತ್ತಾಗಲಿಲ್ಲ! 201ರಲ್ಲಿ ಅರ್ಧ ಕೆಲಸವನ್ನು ಇಂಟೆಲ್‌ನ ಹೊಸ ಪ್ರೊಸೆಸರ್, ಚಿಪ್‌ಸೆಟ್‌ಗಳೇ ಮಾಡಬೇಕು. 10ನೇ ಜನರೇಶನ್‌ಗಿಂತ ಹಳೆಯದರಲ್ಲಿ ಅದು ಸುಮ್ನೆ ಒಂದು ಬಿಲ್ಲೆ. 211 ಕೂಡ ಅದೇ ಜಾತಿ. ವಾಪಸ್ ತಗೊಳ್ಳಲೂ ಇಲ್ಲ ಪುಣ್ಯಾತ್ಮ.

ನಿಮಗೆ ಬೇಕಾದ್ದು ಎಎಕ್ಸ್200 ಅಥವಾ ಎಎಕ್ಸ್210. ಇವು ಪೂರ್ತಿ ಕೆಲಸ ತಾವೇ ಮಾಡುತ್ತವೆ. 210ಕ್ಕೆ 6 ಗಿಗಾಹರ್ಟ್ಸ್ ಕೂಡ ಬರುತ್ತದೆ, ಆದರೆ ರೂಟರಿಗೂ ಅದು ಬರಬೇಕಲ್ಲ. ನಿಮ್ಮ ಲೈನಿಗೆ 200 ಧಾರಾಳ ಸಾಕು. ಎರಡಕ್ಕೂ ಕನಿಷ್ಠ 64 ಬಿಟ್ ವಿಂಡೋಸ್ 10 ಇರಲಿ.

ಕೊಳ್ಳುವ ಮೊದಲು ಹಿಂದಿನ ಮುಚ್ಚಳ ಬಿಚ್ಚಿ ನೋಡಿ. ಬ್ಯಾಟರಿ ವಯರ್ ಮೊದಲು ತೆಗೆಯಿರಿ. ಹಳೇ ಕಾರ್ಡ್ 22 ಮಿಲಿಮೀಟರ್ ಅಗಲ, 30 ಉದ್ದ ಇದ್ದರೆ ಅದು ಈ ಕಾರ್ಡುಗಳು ಕೂರುವ ಎಂ.2 ಎಂಬ ಸ್ಲಾಟ್, ಸರಿ. ಬೋರ್ಡಿಗೇ ಬೆಸುಗೆ ಹಾಕಿದ್ದರೆ ಆಸೆ ಬಿಡಿ, ಹೊರಗಿಂದ ಯುಎಸ್‌ಬಿಗೆ ಚುಚ್ಚುವ ಡ್ಯುಯಲ್ ಬ್ಯಾಂಡ್ (2.4, 5 ಎರಡೂ ಹಿಡಿಯುವ) ವೈಫೈ ಡಾಂಗಲ್ ತಗೊಳ್ಳಿ. ಕೆಲವು ಹಳೇ ಲ್ಯಾಪ್‌ಟಾಪ್‌ಗಳ ಬಯಾಸ್ (ಲ್ಯಾಪ್‌ಟಾಪ್ ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ತನಗೆ ಗೊತ್ತಿಲ್ಲದ ಕಾರ್ಡ್ ಕಂಡರೆ ಶುರುವಾಗುವುದೇ ಇಲ್ಲ. ನಿಮ್ಮ ಮಾಡೆಲ್ ಹೆಸರು ಹಾಕಿ ಒಮ್ಮೆ ಹುಡುಕಿ ನೋಡಿ.

ಕಾರ್ಡಿನ ತುದಿಗೆ ಕಪ್ಪು, ಬಿಳಿ ಎರಡು ತೆಳು ವಯರ್ ಇರುತ್ತವೆ, ಅವೇ ಆಂಟೆನಾ. ಅವುಗಳ ಬಾಯಿ ಸಾಸಿವೆ ಕಾಳಿಗಿಂತ ದೊಡ್ಡದಿಲ್ಲ. ವಯರ್ ಹಿಡಿದು ಎಳೆಯಬೇಡಿ, ಬಾಯಿಯ ಕೆಳಗೆ ಉಗುರು ಕೊಟ್ಟು ನೇರ ಮೇಲಕ್ಕೆ ಎತ್ತಿ. ಹಾಕುವಾಗ ಸರಿಯಾಗಿ ಮೇಲೆ ಕೂರಿಸಿ ಬೆರಳಿಂದ ಒತ್ತಿ. ‘ಟಕ್’ ಅನ್ನಬೇಕು. ಅನ್ನದಿದ್ದರೆ ಒತ್ತಡ ಹೆಚ್ಚಿಸಬೇಡಿ, ಓರೆಯಾಗಿದೆ ಅಂತ ಅರ್ಥ. ಒಂದೇ ವಯರ್ ಇದ್ದರೆ ವೇಗ ಅರ್ಧವಾಗುತ್ತದೆ. ಆದರೂ 5 ಗಿಗಾಹರ್ಟ್ಸ್‌ನಲ್ಲಿ ನಿಮ್ಮ 100ಕ್ಕೆ ಏನೂ ಕೊರತೆ ಇಲ್ಲ.

ಹೊಸ ಕಾರ್ಡಿನ ಡ್ರೈವರನ್ನು (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಮಾತ್ರ ಹಳೇ ಕಾರ್ಡ್ ಇರುವಾಗಲೇ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿಡಿ. ಇಲ್ಲದಿದ್ದರೆ ಆಮೇಲೆ ಮಗಳ ಮೊಬೈಲ್ ಕೇಳಬೇಕಾದೀತು.