ಕ್ರಿಸ್‌ಮಸ್ ಕೂಟಕ್ಕೆ ಗರಿಗರಿಯಾದ ಖಾರದ ಪಫ್

ಕ್ರಿಸ್‌ಮಸ್ ಸಂಜೆಯ ಕೂಟಕ್ಕೆಂದು ಹಿಂದಿನ ದಿನವೇ ಬೇಯಿಸಿಟ್ಟ ಕೋಳಿ ಪಫ್‌ಗಳ ತಳ ಮೆತ್ತಗಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ದಯವಿಟ್ಟು ಹಿಂದಿನ ದಿನ ಬೇಯಿಸಲೇಬೇಡಿ. ಹೂರಣ ತುಂಬಿ, ಮಡಚಿ, ಹಸಿಯಾಗಿಯೇ ಫ್ರೀಜರಿನಲ್ಲಿಟ್ಟು, ನೆಂಟರು ಬರುವ ಹೊತ್ತಿಗೆ ಕರಗಲು ಬಿಡದೆ ನೇರವಾಗಿ 200 ಡಿಗ್ರಿಗೆ ಕಾಯಿಸಿದ ಓವನ್‌ಗೆ ಹಾಕಿದರೆ ಸುಮಾರು 25 ನಿಮಿಷಗಳಲ್ಲಿ ಪದರಗಳು ಬಿಡಿಸಿಕೊಂಡು ಹೊಂಬಣ್ಣಕ್ಕೆ ತಿರುಗುತ್ತವೆ.

ತಳ ನೆನೆಯಲು ಮುಖ್ಯ ಕಾರಣ ಹೂರಣದ ನೀರು. ಕೋಳಿ ಸುಕ್ಕವನ್ನೇ ತುಂಬುವುದಾದರೆ ಮೂಳೆ ತೆಗೆದು, ತೆಂಗಿನತುರಿಯ ಮಸಾಲೆ ಉದುರುದುರಾಗುವ ತನಕ ಹುರಿದು, ಅಗಲವಾದ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ. ಹೂರಣ ಬೆಚ್ಚಗಿದ್ದರೆ ಪಫ್ ಹಿಟ್ಟಿನ ಹಾಳೆಯ ಬೆಣ್ಣೆ ಕರಗಿ ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಂಗಳೂರಿನಲ್ಲಿ ಡಿಸೆಂಬರಿನ ಮಧ್ಯಾಹ್ನವೂ 30 ಡಿಗ್ರಿ ದಾಟುವುದರಿಂದ ಲಟ್ಟಿಸುವ, ಮಡಚುವ ಕೆಲಸವನ್ನು ಬೆಳಗ್ಗೆ ಬೇಗನೆ ಮುಗಿಸುವುದು ಒಳ್ಳೆಯದು. ಹಾಳೆ ಬೆರಳಿಗೆ ಜಿಡ್ಡುಜಿಡ್ಡಾಗಿ ತಾಗತೊಡಗಿದರೆ ಅಲ್ಲಿಗೇ ನಿಲ್ಲಿಸಿ 20 ನಿಮಿಷ ಫ್ರಿಜ್‌ನಲ್ಲಿಡಿ.

ಕಲಕಿದ ಮೊಟ್ಟೆಯನ್ನು ಮೇಲ್ಭಾಗಕ್ಕೆ ಮಾತ್ರ ಹಚ್ಚಿ. ಕತ್ತರಿಸಿದ ಅಂಚಿಗೆ ಇಳಿದರೆ ಆ ಬದಿ ಸರಿಯಾಗಿ ಉಬ್ಬುವುದಿಲ್ಲ. ಸಸ್ಯಾಹಾರಿಗಳಿಗೆ, ನೀರು ಬಿಡುವ ಅಣಬೆಗಿಂತ ಬಟಾಟೆ ಪಲ್ಯವೇ ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ. ಕುಸ್ವಾರಿನ (ಕ್ರಿಸ್‌ಮಸ್‌ಗೆಂದು ಮಾಡುವ ಸಾಂಪ್ರದಾಯಿಕ ತಿಂಡಿಗಳ) ನೇವ್ರಿ, ಕಿಡಿಯೊಗಳ ಸಿಹಿಯ ನಡುವೆ ಖಾರದ ತಿಂಡಿಗೆ ಎಲ್ಲರೂ ಕೈ ಚಾಚುತ್ತಾರೆ, ಆದ್ದರಿಂದ ಕಾಳುಮೆಣಸಿನ ಪುಡಿಯನ್ನು ಧಾರಾಳವಾಗಿಯೇ ಹಾಕಿ. ಬೆಂದವುಗಳನ್ನು ತಂತಿಜಾಲರಿಯ ಮೇಲೆ ಇಡಿ; ಬಿಸಿಯಿರುವಾಗಲೇ ಡಬ್ಬಿಯಲ್ಲಿ ಮುಚ್ಚಿದರೆ ಒಳಗಿನ ಹಬೆಯೇ ಅವುಗಳನ್ನು ಮತ್ತೆ ಮೆತ್ತಗೆ ಮಾಡುತ್ತದೆ.