ಸಂಕ್ರಾಂತಿಗೆ ಓಡಿದ್ದು ಮೇ ತಿಂಗಳಲ್ಲಿ ಸುಟ್ಟಿತು

ಪ್ರಶ್ನೆ: ಟ್ರ್ಯಾಕ್ಟರ್ ಬ್ಯಾಟರಿ ಪರೀಕ್ಷೆಗೆ ಒಂದು ಪೆಟ್ಟಿಗೆ ಮಾಡಿಕೊಂಡಿದ್ದೇನೆ. ಒಂದು 2ಎನ್3055 ಟ್ರಾನ್ಸಿಸ್ಟರೇ ಅದರ ಲೋಡ್. ಸೆಕೆಂಡಿಗೊಮ್ಮೆ 100 ಮಿಲಿಸೆಕೆಂಡ್ ಹೊತ್ತು 12 ವೋಲ್ಟಿನಲ್ಲಿ 8 ಆಂಪ್ ಎಳೆಯುತ್ತದೆ. ಸಂಕ್ರಾಂತಿಯಿಂದ ಚೆನ್ನಾಗಿಯೇ ಇತ್ತು. ಮೇ ತಿಂಗಳಲ್ಲಿ ಎರಡು ಸುಟ್ಟವು. ಸರಾಸರಿ 10 ವಾಟ್ ಕೂಡ ಇಲ್ಲ, ತಯಾರಕರ ವಿವರಪಟ್ಟಿ ಡೇಟಾಶೀಟಿನಲ್ಲಿ 115 ವಾಟ್ ಅಂತಿದೆ. ಯಾಕೆ ಹೀಗೆ?
– ಓದುಗರೊಬ್ಬರು, ಸೇಡಂ

ಉತ್ತರ: ನಿಮ್ಮ ಲೆಕ್ಕ ತಪ್ಪಿಲ್ಲ, ಅರ್ಧಕ್ಕೇ ನಿಂತಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಅಂಗಡಿ ಇಟ್ಟಿದ್ದಾಗ ನಾನೂ ಹೀಗೇ ಕೈ ಸುಟ್ಟುಕೊಂಡಿದ್ದೇನೆ.

115 ವಾಟ್ ಅನ್ನೋದು ಲೋಹದ ಮೈ 25 ಡಿಗ್ರಿಯಲ್ಲಿದ್ದರೆ ಮಾತ್ರ. ಆಮೇಲೆ ಒಂದೊಂದು ಡಿಗ್ರಿಗೂ ಸುಮಾರು 0.66 ವಾಟ್ ಕಡಿಮೆ. ಮೇ ತಿಂಗಳಲ್ಲಿ ನಮ್ಮ ಕಡೆ ನೆರಳಲ್ಲೇ 42 ಡಿಗ್ರಿ, ಅಲ್ವಾ? ಶಾಖ ಬಿಡೋಕೆ ನೀವು ಹಾಕಿದ್ದು ಚಿಕ್ಕ ಅಲ್ಯೂಮಿನಿಯಂ ತಗಡಾದರೆ ವಾಟಿಗೆ 5 ಡಿಗ್ರಿ ಹಿಡಿಯಿರಿ. ಸರಾಸರಿ 9.6 ವಾಟಿಗೇ 48 ಡಿಗ್ರಿ ಏರುತ್ತದೆ. ಮೈ 90 ಆಯಿತು.

ಈಗ ಪಲ್ಸ್, ಅಂದರೆ ಆ 100 ಮಿಲಿಸೆಕೆಂಡಿನ ಎಳೆತ. ಅದು ಬಂದಾಗ ಒಳಗಿನ ಚಿಪ್ ಮೇಲೆ 9.6 ಅಲ್ಲ, 96 ವಾಟ್ ಬೀಳುತ್ತದೆ. ಚಿಪ್‌ನಿಂದ ಮೈಗೆ ವಾಟಿಗೆ ಒಂದೂವರೆ ಡಿಗ್ರಿ. 100 ಮಿಲಿಸೆಕೆಂಡ್ ಚಿಪ್‌ಗೆ ಸಣ್ಣ ಹೊತ್ತಲ್ಲ, ನಾನಂತೂ ಪೂರ್ತಿ ಲೆಕ್ಕ ಹಿಡಿಯುತ್ತೇನೆ: 144 ಡಿಗ್ರಿ. 90ಕ್ಕೆ ಸೇರಿಸಿ, 234. ಚಿಪ್‌ನ ಮಿತಿ 200. ಸಣ್ಣ ಪಲ್ಸ್‌ಗೆ ಚಿಪ್ ಎಷ್ಟು ಕಾಯುತ್ತದೆಂದು ತೋರಿಸುವ ಗ್ರಾಫ್ ಹಾಕಿ ನೋಡಿದರೆ ಕಡಿಮೆ ಬರಬಹುದು. ಆದರೂ ಮಿತಿಯ ಅಂಚಿಗೆ ಯಾಕೆ ಹೋಗಬೇಕು?

ಎಷ್ಟು ವೋಲ್ಟಿಗೆ ಎಷ್ಟು ಆಂಪ್ ಸುರಕ್ಷಿತ ಅಂತ ತೋರಿಸುವ ಡೇಟಾಶೀಟಿನ ಸುರಕ್ಷಿತ ವಲಯದ ಗ್ರಾಫಿನಲ್ಲಿ ಪಲ್ಸ್ ಗೆರೆಗಳು ಕಂಡರೆ ಬೇಗ ಖುಷಿಪಡಬೇಡಿ. ಸಾಮಾನ್ಯವಾಗಿ ಅವು ತಣ್ಣಗಿರುವ ಟ್ರಾನ್ಸಿಸ್ಟರಿಗೆ ಒಂದೇ ಸಲ ಕೊಡುವ ಪಲ್ಸ್‌ಗೆ. ತಣ್ಣನೆ ಹಂಚಿನ ಮೇಲೆ ಮೊದಲ ರೊಟ್ಟಿ ಬೇಯೋಕೆ ಹೊತ್ತು ಬೇಕು. ಐದನೆಯದು? ಸ್ವಲ್ಪ ಆ ಕಡೆ ನೋಡಿದರೆ ಕರಕಲು.

ಇನ್ನೊಂದು ಪೆಟ್ಟು: ಚಿಪ್ ಗಂಟೆಗೆ 3600 ಸಲ ಕಾದು ಆರುತ್ತದೆ. ಅದರ ಕೆಳಗಿನ ಬೆಸುಗೆ ಮೆಲ್ಲಗೆ ಬಿಡುತ್ತದೆ. ಜೊತೆಗೆ ಅಗ್ಗದ ನಕಲಿ 2ಎನ್3055ಗಳಲ್ಲಿ ಚಿಪ್ಪೇ ಪುಟಾಣಿ. ಕೈಯಲ್ಲಿ ತೂಗಿ ನೋಡಿ, ಕೆಲವು ಸುಮ್ನೆ ಹಗುರ ಇರುತ್ತವೆ.

ಎರಡು ಟ್ರಾನ್ಸಿಸ್ಟರ್ ಜೋಡಿಸಿ. ಒಂದೊಂದರ ಎಮಿಟರಿಗೆ 0.1 ಓಮ್, 5 ವಾಟ್ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ಬಿಸಿಯಾದವನೇ ಜಾಸ್ತಿ ಕರೆಂಟ್ ಎಳೆಯುತ್ತಾನೆ. ಆಗ ಒಂದೊಂದಕ್ಕೆ 48 ವಾಟ್, ಏರಿಕೆ 72 ಡಿಗ್ರಿ. ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತುಂಡು) ನಡುವಿನ ಮೈಕಾ ಹಾಳೆ, ಪೇಸ್ಟ್ ಸೇರಿ ವಾಟಿಗೆ ಒಂದೂವರೆ ಡಿಗ್ರಿಯದ್ದಿರಲಿ, ಪೆಟ್ಟಿಗೆಯ ಹೊರಗಿರಲಿ. ಮಧ್ಯಾಹ್ನ ಮೂರಕ್ಕೆ ಅರ್ಧ ಗಂಟೆ ಓಡಿಸಿ, ತಿರುಪಿನ ಪಕ್ಕ ತಾಪ ಅಳೆಯುವ ಥರ್ಮೋಕಪಲ್ ಒತ್ತಿ ನೋಡಿ. 75 ದಾಟಿದರೆ ನಿಲ್ಲಿಸಿ. ಬೆರಳಿಟ್ಟು ನೋಡೋ ಚಾಳಿ ನನಗಿತ್ತು, ನಿಮಗೆ ಬೇಡ.