ಕಾರ್ಡು ಎಪಿಎಲ್ ಆದ್ರೂ ಗೃಹಲಕ್ಷ್ಮಿ ನಿಲ್ಲಲ್ಲ

ಅಕ್ಕ, ರೇಷನ್ ಕಾರ್ಡು ಬಿಪಿಎಲ್‌ನಿಂದ ಎಪಿಎಲ್‌ಗೆ ಹೋಯ್ತು, ಇನ್ನು ಗೃಹಲಕ್ಷ್ಮಿಯ ತಿಂಗಳ 2000 ರೂಪಾಯೂ ನಿಂತ್ರೆ ನಾಲ್ಕು ಜನರ ಸಂಸಾರ ಹೇಗೆ ತೂಗಿಸ್ಲಿ ಅಂತ ಕೇಳಿದ್ದೀರಿ. ಗೃಹಲಕ್ಷ್ಮಿಗೆ ಎಪಿಎಲ್ ಕಾರ್ಡೂ ನಡೆಯುತ್ತೆ. ಕಾರ್ಡಲ್ಲಿ ಯಜಮಾನಿ ಅಂತ ನಿಮ್ಮ ಹೆಸರಿರಬೇಕು, ನೀವಾಗಲಿ ನಿಮ್ಮ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟೋರಾಗಿರಬಾರದು. ಆದ್ರೆ ದುಡ್ಡು ತಿಂಗಳು ತಿಂಗಳು ತಾರೀಖಿಗೆ ಬರುತ್ತೆ ಅಂತ ನಂಬಿ ಸಂಘದ ಕಂತು ಒಪ್ಕೋಬೇಡಿ. ನಾನು ಒಪ್ಕೊಂಡು ಕೆಟ್ಟಿದ್ದೀನಿ, ಕೊನೆಗೆ ಕಿವಿ ಓಲೆ ಅಡ ಇಡಬೇಕಾಯ್ತು.

ನಿಜವಾದ ಏಟು ಬೀಳೋದು ಬಿಪಿಎಲ್ ಕಾರ್ಡಿಗೆ ಬಿಟ್ಟಿ ಸಿಗ್ತಿದ್ದ ಅಕ್ಕಿಗೆ. ನಮ್ಮ ಮುಳಬಾಗಿಲು ಕಡೆ ನಾವು ಮಾಡಿದ್ದು ಇಷ್ಟೇ: ಸುಗ್ಗೀಲಿ ಊರಿನ ರೈತರ ಹತ್ರಾನೇ ಒಂದು ಮೂಟೆ ರಾಗಿ ತಗೊಂಡು, ರಾತ್ರಿ ಊಟ ಮುದ್ದೆಗೆ ತಿರುಗಿಸಿದ್ವಿ. ಮಳೆ ಬಿದ್ಮೇಲೆ ಹೊಲದ ಬದುವಲ್ಲಿ ಬೆರಕೆ ಸೊಪ್ಪು ಬಿಟ್ಟಿ ಸಿಗುತ್ತಲ್ಲ, ಒಂದು ಹಿಡಿ ಅವರೆಕಾಳು ಹಾಕಿ ಮಸೆದ್ರೆ ಸಾರು. ಮಕ್ಕಳು ಎರಡು ದಿನ ಮುಖ ಊದಿಸ್ಕೊಂಡ್ರು, ಮೂರನೇ ದಿನ ಅವರೇ ಇನ್ನೊಂದು ತುತ್ತು ಕೇಳಿದ್ರು.

ಗೃಹಜ್ಯೋತಿಯ ಬಿಟ್ಟಿ ಕರೆಂಟಿನ ಮೇಲೂ ಕಣ್ಣಿರ್ಲಿ. 200 ಯೂನಿಟ್ ದಾಟಿದ್ರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮ ತಲೆಗೇ.

ಇದರ ಜೊತೆಗೇ ಆದಾಯ ಪ್ರಮಾಣಪತ್ರ ಹಿಡ್ಕೊಂಡು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ, ಕಾರ್ಡು ಯಾಕೆ ಬದಲಾಯ್ತು ಅಂತ ಬರೆದುಕೊಟ್ಟು ಕೇಳಿ. ಅರ್ಜಿ ನಕಲಿಗೆ ಸೀಲು ಹಾಕಿಸ್ಕೊಳ್ದೆ ಅಲ್ಲಿಂದ ಕದಲಬೇಡಿ.